ಗೇಟು ದಾಟದ ಕೂಪೆ: ಚಿಕ್ಕಬಳ್ಳಾಪುರದಲ್ಲಿ ಮಾರಾಟಕ್ಕಿದ್ದ ಒಂದು ಕಾರಿನ ಪ್ರಕರಣ

ಜಾಹೀರಾತು ನಾಲ್ಕೇ ಸಾಲಿನದು. "ಮರ್ಸಿಡಿಸ್ ಬೆಂಜ್ 300 ಸಿಇ, ಎರಡು ಬಾಗಿಲು, 1993ರ ಮಾದರಿ. ವೈದ್ಯರು ಬಳಸಿದ ಕಾರು, ಒಬ್ಬರೇ ಮಾಲೀಕರು. ಓಡಿರುವುದು 61,000 ಕಿ.ಮೀ. ಮಾತ್ರ. ಬೆಲೆ 14.5 ಲಕ್ಷ." ಕಾರಿನ ಹೆಸರು ಬಿಟ್ಟರೆ ಇದರಲ್ಲಿ ಎರಡು ಬಾಗಿಲು ಇರುವುದು ಮತ್ತು ವೈದ್ಯರು ಬಳಸಿದ್ದು, ಇವೆರಡೇ ಪೂರ್ತಿ ನಿಜವೆಂದು ತಿಳಿಯಲು ನನಗೆ ಒಂದು ಹಗಲು ಹಿಡಿಯಿತು. ಹಾಗೆಂದು ಯಾರೂ ಬೇಕೆಂದು ಸುಳ್ಳು ಹೇಳಿರಲಿಲ್ಲ.

ನನ್ನನ್ನು ಇದಕ್ಕೆ ಎಳೆದವನು ತಿಪಟೂರಿನ ಕೊಬ್ಬರಿ ವ್ಯಾಪಾರಿ, ಹಳೆಯ ಗೆಳೆಯ. ತುಮಕೂರಿನಲ್ಲಿ ನನ್ನ ವರ್ಕ್‌ಶಾಪ್ ಶುರುವಾದ ದಿನಗಳಿಂದ ಪರಿಚಯ. "ಫೋಟೊ ನೋಡಿದೆ, ಮುಂಗಡ ಕಳುಹಿಸಿಬಿಡಲೇ?" ಎಂದು ಫೋನಿನಲ್ಲಿ ಕೇಳಿದ. "ಫೋಟೊ ನೋಡಿ ಕೊಬ್ಬರಿ ಕೊಳ್ಳುತ್ತೀಯಾ?" ಎಂದೆ. ಸುಮ್ಮನಾದ. ಅಕ್ಟೋಬರಿನ ಒಂದು ಬುಧವಾರ, 2025ರಲ್ಲಿ, ದಾಬಸ್‌ಪೇಟೆ, ದೊಡ್ಡಬಳ್ಳಾಪುರದ ಮೇಲೆ ಹಾದು ಇಬ್ಬರೂ ಚಿಕ್ಕಬಳ್ಳಾಪುರಕ್ಕೆ ಹೋದೆವು.

ಕಾರು ಊರಾಚೆ, ಒಂದು ದ್ರಾಕ್ಷಿ ತೋಟದ ಮನೆಯಲ್ಲಿತ್ತು. ತೋಟದ ಒಂದು ಬದಿಗೆ ನಂದಿ ಬೆಟ್ಟದ ಬೆನ್ನು ಕಾಣುತ್ತದೆ, ಇನ್ನೊಂದು ಬದಿಗೆ ಬೆಂಗಳೂರು–ಹೈದರಾಬಾದ್ ಹೆದ್ದಾರಿ. ಮಾಲೀಕರಾಗಿದ್ದ ವೈದ್ಯರು 2021ರಲ್ಲಿ ತೀರಿಕೊಂಡಿದ್ದರು. ಮಗ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾನೆ, ಅಂದು ಬಂದಿದ್ದ; ತಾಯಿ ಪೇಟೆಯ ಮನೆಯಲ್ಲಿ. ತೋಟವನ್ನೂ ಕಾರನ್ನೂ ನೋಡಿಕೊಳ್ಳುವವನು ಒಬ್ಬ ಕಾವಲುಗಾರ. ಜಾಹೀರಾತು ಬರೆದವನು ಮಧ್ಯವರ್ತಿ.

ಶೆಡ್ಡಿನ ರೋಲಿಂಗ್ ಬಾಗಿಲು ಮೇಲೆತ್ತಿದಾಗ ಗೆಳೆಯ ಮಾತು ನಿಲ್ಲಿಸಿದ. ನಾನೂ ಕ್ಷಣಕಾಲ ನಿಂತೆ ಎಂದು ಒಪ್ಪಿಕೊಳ್ಳಬೇಕು. ಕಡು ಬೂದು ಬಣ್ಣ. ರೇಡಿಯೇಟರಿನ ಮೇಲಿನ ಅಡ್ಡಪಟ್ಟಿಯ ತಗಡಿನಲ್ಲಿ ಬಣ್ಣದ ಸಂಖ್ಯೆ 172 ಎಂದಿತ್ತು, ಅಂದರೆ ಕಾರ್ಖಾನೆಯ ಆಂತ್ರಸೈಟ್ ಬಣ್ಣವೇ. ನಾಲ್ಕೂ ಗಾಜು ಇಳಿಸಿದರೆ ಮುಂದಿನ ಕಂಬದಿಂದ ಹಿಂದಿನ ಕಂಬದವರೆಗೆ ಒಂದೇ ಬಯಲು, ನಡುವೆ ಕಂಬವೇ ಇಲ್ಲ. ಇದು ಮರ್ಸಿಡಿಸ್‌ನ 124 ಎಂಬ ಸರಣಿಯ ನಾಲ್ಕು ಬಾಗಿಲಿನ ಸೆಡಾನ್‌ನಿಂದ ಹುಟ್ಟಿದ ಕೂಪೆ, ಅಂದರೆ ಎರಡು ಬಾಗಿಲಿನ ಕಾರು. ಸೆಡಾನ್‌ನ ಚಕ್ರಗಳ ನಡುವಿನ ಅಂತರ 2,800 ಮಿ.ಮೀ., ಇದರದು 2,715. ಆ 85 ಮಿ.ಮೀ. ಕತ್ತರಿಸಿದ್ದರಿಂದಲೇ ಮದುವೆ ಮನೆಯ ಹಿರಿಯನಂತಿದ್ದ ಕಾರು ಹೆಗಲ ಮೇಲೆ ಶಲ್ಯ ಸರಿಮಾಡಿಕೊಂಡು ಹೊರಟವನಂತೆ ಕಾಣುತ್ತದೆ. ಬಾನೆಟ್ಟಿನ ಕೆಳಗೆ ಸಾಲಾಗಿ ಆರು ಸಿಲಿಂಡರ್, 2,962 ಸಿಸಿ, ಸುಮಾರು 188 ಅಶ್ವಶಕ್ತಿ. ಇಂಥದ್ದನ್ನು ಗ್ರ್ಯಾಂಡ್ ಟೂರರ್ ಎನ್ನುತ್ತಾರೆ. ರೇಸಿನ ಕಾರಲ್ಲ. ಬೆಳಿಗ್ಗೆ ಹೊರಟು, ಇನ್ನೊಂದು ರಾಜ್ಯದಲ್ಲಿ ರಾತ್ರಿಯ ಊಟಕ್ಕೆ ಕುಳಿತಾಗಲೂ ಬೆನ್ನು ನೋಯದಂತೆ ಇಬ್ಬರನ್ನು ಒಯ್ಯುವ ಕಾರು. ಅಂಥ ಕಾರು ಇಷ್ಟು ವರ್ಷವಾದರೂ ಹೀಗಿರುವುದು ಅಪರೂಪ.

ಸೀಟಿನಲ್ಲಿ ಕುಳಿತು ಬಾಗಿಲು ಹಾಕಿ ಕೀಲಿ ತಿರುಗಿಸಿದೆ. ಹಿಂದಿನಿಂದ ಒಂದು ಸಣ್ಣ ಕೈ ಹೆಗಲ ಪಕ್ಕಕ್ಕೆ ಚಾಚಿ ಸೀಟ್ ಬೆಲ್ಟನ್ನು ಮುಂದೆ ಹಿಡಿಯಿತು. ನಡುಗಂಬವಿಲ್ಲದ ಕಾರಿನಲ್ಲಿ ಬೆಲ್ಟು ತೀರಾ ಹಿಂದೆ ಉಳಿಯುತ್ತದೆ, ಅದಕ್ಕೆಂದೇ ಈ ಏರ್ಪಾಡು. ಎರಡೂ ಬದಿಯದು ಕೆಲಸ ಮಾಡುತ್ತಿತ್ತು. ಹಿಂದಿನ ಗಾಜಿನ ಕೆಳಗಿನ ಹಲಗೆಯಲ್ಲಿ ಪ್ರಥಮ ಚಿಕಿತ್ಸೆಯ ಪೆಟ್ಟಿಗೆ, ಜರ್ಮನ್ ಅಕ್ಷರಗಳ ಸಮೇತ, ಒಡೆಯದೆ ಹಾಗೆಯೇ ಇತ್ತು. ವೈದ್ಯರ ಕಾರಿನಲ್ಲಿ ಅದನ್ನು ಒಡೆಯುವ ಅಗತ್ಯ ಬಿದ್ದಿರಲಿಕ್ಕಿಲ್ಲ.

ಮೈಲಿಯೋ ಕಿಲೋಮೀಟರೋ

ಮೀಟರ್ 61,240 ತೋರಿಸುತ್ತಿತ್ತು. ಜಾಹೀರಾತು ಇದನ್ನೇ ಕಿಲೋಮೀಟರ್ ಎಂದು ಎತ್ತಿಕೊಂಡಿತ್ತು. ಆದರೆ ವೇಗದ ಮುಳ್ಳಿನ ಸುತ್ತ ಹೊರಗಿನ ದೊಡ್ಡ ಅಂಕಿಗಳು ಗಂಟೆಗೆ ಮೈಲಿಯವು. ಕಿಲೋಮೀಟರ್ ಒಳಬಳೆಯಲ್ಲಿ ಸಣ್ಣಗಿತ್ತು. ವೈದ್ಯರು ಇಂಗ್ಲೆಂಡಿನಲ್ಲಿ ಕೆಲಸ ಮಾಡಿ ಮರಳುವಾಗ, ನೆಲೆ ಬದಲಾಯಿಸುವವರಿಗೆ ಆಗ ಇದ್ದ ಅವಕಾಶದಲ್ಲಿ, ಸುಂಕ ಕಟ್ಟಿ ತಂದ ಕಾರು ಇದು. ಚಾಸಿ ಸಂಖ್ಯೆಯಲ್ಲೂ ಗುರುತಿದೆ: ಆರಂಭದ ಡಬ್ಲ್ಯೂಡಿಬಿ, ಮಾದರಿಯ 124050, ಅದರ ಪಕ್ಕದಲ್ಲಿ 2. ಆ 2 ಎಂದರೆ ಬಲಗಡೆ ಸ್ಟೀರಿಂಗ್‌ಗೆಂದೇ ಕಟ್ಟಿದ ಕಾರು.

ಮಗನಿಗೆ ನನ್ನ ಮಾತು ರುಚಿಸಲಿಲ್ಲ. "ಅಪ್ಪ ಎಂದೂ ಮೈಲಿ ಎಂದದ್ದು ಕೇಳಿಲ್ಲ" ಎಂದ. ಸಾಕ್ಷಿ ಡ್ಯಾಶ್‌ಬೋರ್ಡಿನ ಖಾನೆಯಲ್ಲಿಯೇ ಸಿಕ್ಕಿತು. ನೀಲಿ ರಟ್ಟಿನ ಒಂದು ಡೈರಿ. ಪೆಟ್ರೋಲ್ ಹಾಕಿಸಿದ ದಿನ, ಲೀಟರ್, ಮೀಟರಿನ ಅಂಕಿ, ಹೋದ ಊರು; ವೈದ್ಯರ ಅಕ್ಷರವಾದರೂ ಓದಲು ಬರುವಂತಿತ್ತು. "ಬೆಂಗಳೂರು, ಹೋಗಿ ಬಂದದ್ದು" ಎಂಬ ಸಾಲುಗಳನ್ನು ಆರಿಸಿದೆ. ಹೊರಟಾಗಿನ ಅಂಕಿಗೂ ಮರಳಿದಾಗಿನ ಅಂಕಿಗೂ ಒಮ್ಮೆ 72, ಒಮ್ಮೆ 74, ಮತ್ತೆ 72 ವ್ಯತ್ಯಾಸ. ಚಿಕ್ಕಬಳ್ಳಾಪುರದಿಂದ ಬೆಂಗಳೂರಿಗೆ ಹೋಗಿ ಬಂದರೆ 72 ಕಿಲೋಮೀಟರ್ ಆಗುವುದಾದರೆ ಬೆಂಗಳೂರು ದೇವನಹಳ್ಳಿಗೆ ಬಂದು ಕುಳಿತಿರಬೇಕು. (ಕುಳಿತೇ ಇದೆ ಎನ್ನುವವರಿದ್ದಾರೆ, ಅದು ಬೇರೆ ಮಾತು.) 72 ಮೈಲಿ ಎಂದರೆ 116 ಕಿಲೋಮೀಟರ್. ಲೆಕ್ಕ ಕೂಡಿತು. 61,240 ಮೈಲಿ ಎಂದರೆ ಸುಮಾರು 98,500 ಕಿ.ಮೀ.

ಮಗನ ಮುಖ ಸಣ್ಣದಾಯಿತು. ನನ್ನ ಕಣ್ಣಿಗೆ ಮಾತ್ರ ಆ ಡೈರಿಯಿಂದ ಕಾರಿನ ಯೋಗ್ಯತೆ ಏರಿತ್ತು. ಈ ಎಂಜಿನ್‌ಗೆ 98,000 ಕಿಲೋಮೀಟರ್ ಒಂದು ಓಟವೇ ಅಲ್ಲ; ಅದರ ಮೂರು ಪಟ್ಟು ಓಡಿದ ಸೆಡಾನ್‌ಗಳನ್ನು ನಾನೇ ಬಿಚ್ಚಿ ಜೋಡಿಸಿದ್ದೇನೆ. ಒಂದೊಂದು ಲೀಟರಿಗೂ ಲೆಕ್ಕ ಇಟ್ಟ ಮನುಷ್ಯ ಎಣ್ಣೆ ಬದಲಿಸದೆ ಇರುವವನಲ್ಲ. ಸರ್ವೀಸ್ ಪುಸ್ತಕ ಇನ್ನೆರಡು ಗಂಟು ಬಿಡಿಸಿತು. ಕಾರು ತಯಾರಾದದ್ದು 1989ರಲ್ಲಿ. 1993 ಎಂಬುದು ಇಲ್ಲಿ ನೋಂದಣಿಯಾದ ವರ್ಷ. ಮೊದಲ ಪುಟದಲ್ಲಿದ್ದದ್ದು ಇಂಗ್ಲೆಂಡಿನ ಒಂದು ಕಂಪನಿಯ ಹೆಸರು. ವೈದ್ಯರು ಎರಡನೆಯ ಮಾಲೀಕರು.

ಕಾಗದ

ಗೆಳೆಯ ಅಷ್ಟು ಹೊತ್ತಿಗೆ ಕೀಲಿ ಹಿಡಿದು ನಿಂತಿದ್ದ. "ಹೆದ್ದಾರಿಯಲ್ಲಿ ಒಂದು ಸುತ್ತು" ಎಂದ. ಆರ್‌ಸಿ ತೋರಿಸಿ ಎಂದೆ.

ನೋಂದಣಿ ಸಂಖ್ಯೆ ಕೆಎ 07, ಕೋಲಾರದ್ದು. ಚಿಕ್ಕಬಳ್ಳಾಪುರ ಪ್ರತ್ಯೇಕ ಜಿಲ್ಲೆಯಾದದ್ದು 2007ರಲ್ಲಿ. ಇಲ್ಲಿನ ಕೆಎ 40 ಆಮೇಲಿನದು, 1993ರಲ್ಲಿ ಇದೆಲ್ಲ ಕೋಲಾರವೇ. ಖಾಸಗಿ ಕಾರಿನ ನೋಂದಣಿಗೆ ಮೊದಲು 15 ವರ್ಷ ಆಯುಸ್ಸು, ಆಮೇಲೆ ಐದೈದು ವರ್ಷಕ್ಕೆ ನವೀಕರಣ. ವೈದ್ಯರು 2008, 2013, 2018ರಲ್ಲಿ ತಪ್ಪದೆ ಮಾಡಿಸಿದ್ದರು. 2023ರ ಜುಲೈನಲ್ಲಿ ಮಾಡಿಸಲು ಅವರಿರಲಿಲ್ಲ. ವಿಮೆಯೂ ಹಾಗೆಯೇ ಮುಗಿದಿತ್ತು. ಅಂದರೆ ಕಾನೂನಿನ ಕಣ್ಣಿಗೆ ಆ ಕಾರು ತೋಟದ ಗೇಟು ದಾಟುವಂತಿಲ್ಲ. ದೇಶ ಸುತ್ತಲೆಂದೇ ಕಟ್ಟಿದ ಕಾರು, ಇನ್ನೂರು ಮೀಟರ್ ಆಚೆ ಹೆದ್ದಾರಿ, ನಡುವೆ ಒಂದು ಗೇಟು. "ಯಾರು ಹಿಡಿಯುತ್ತಾರೆ, ಐದು ನಿಮಿಷ" ಎಂದ ಮಧ್ಯವರ್ತಿ. ಆ ಐದು ನಿಮಿಷದಲ್ಲಿ ಒಬ್ಬ ಸೈಕಲ್ ಸವಾರ ಅಡ್ಡ ಬಂದರೆ ವಿಮೆಯಿಲ್ಲದ ಕಾರಿನ ಪರಿಹಾರವನ್ನು ಯಾರು ಕೊಡುತ್ತಾರೆ ಎಂದು ಕೇಳಿದೆ. ಅವನು ಮೊಬೈಲ್ ನೋಡಿಕೊಂಡ.

ಇನ್ನೂ ದೊಡ್ಡ ಪೆಟ್ಟು ಶುಲ್ಕದ್ದು. ಆಮದು ಕಾರಿನ ನವೀಕರಣಕ್ಕೆ 2022ರ ಏಪ್ರಿಲ್‌ನಿಂದ 40,000 ರೂಪಾಯಿ. 2025ರ ಆಗಸ್ಟ್‌ನಲ್ಲಿ ಕೇಂದ್ರ ಸಾರಿಗೆ ಸಚಿವಾಲಯ 20 ವರ್ಷ ದಾಟಿದ ವಾಹನಗಳಿಗೆ ಬೇರೆ ದರ ತಂದಿತು. ಆಮದು ಕಾರಿಗೆ ಅದು 80,000. ನಾವು ಹೋದದ್ದು ಅಕ್ಟೋಬರಿನಲ್ಲಿ. ಎರಡೂವರೆ ತಿಂಗಳು ಮೊದಲು ಅರ್ಜಿ ಹಾಕಿದ್ದರೆ ಅರ್ಧ ಹಣ ಉಳಿಯುತ್ತಿತ್ತು. ಮೇಲೆ ತಡವಾದ ಪ್ರತಿ ತಿಂಗಳಿಗೆ 500 ರೂಪಾಯಿಯಂತೆ 27 ತಿಂಗಳಿಗೆ 13,500.

ಇಂಥ ಕಾರಿಗೆ ನಮ್ಮ ಕಾನೂನಿನಲ್ಲಿ ಸರಿಯಾದ ಖಾನೆಯೇ ಇಲ್ಲ ಎಂಬುದು ನನ್ನ ಹಳೆಯ ತಕರಾರು. 50 ವರ್ಷ ದಾಟಿದ ಕಾರಿಗೆ 2021ರ ನಿಯಮದಲ್ಲಿ ವಿಂಟೇಜ್ ನೋಂದಣಿ ಇದೆ: 20,000 ರೂಪಾಯಿ ಕಟ್ಟಿದರೆ 10 ವರ್ಷ, ಪ್ರತ್ಯೇಕ ಸಂಖ್ಯಾಫಲಕ. ಮೂವತ್ತು ನಲವತ್ತರ ಕಾರು ಮಾತ್ರ ಹೊಗೆ ಉಗುಳುವ ಗುಜರಿಯ ಸಾಲಿನಲ್ಲೇ ನಿಲ್ಲಬೇಕು. ಇನ್ನೊಂದು ಕಡೆ, ಹೊರಗಿನಿಂದ ಇಂಥ ಬಳಸಿದ ಕಾರು ತರುವುದಾದರೆ ಮೂರು ವರ್ಷಕ್ಕಿಂತ ಹಳೆಯದಾಗಿರಬಾರದು. ಆದ್ದರಿಂದ ಈ ಮಾದರಿ ಈಗ ದೇಶದಲ್ಲಿ ಎಷ್ಟಿವೆಯೋ ಅಷ್ಟೇ, ಹೊಸದಾಗಿ ಒಂದೂ ಬರುವುದಿಲ್ಲ. ಬೆಲೆ ಏರುವುದಕ್ಕೂ ಕಾಗದಕ್ಕೆ ಇಷ್ಟು ತೂಕ ಬರುವುದಕ್ಕೂ ಕಾರಣ ಇದೇ.

ಆರ್‌ಸಿಯಲ್ಲಿ ಹೆಸರು ಇನ್ನೂ ತೀರಿಕೊಂಡವರದು. ಮಗ ನೇರವಾಗಿ ಮಾರುವಂತಿಲ್ಲ. ಮೊದಲು ನಮೂನೆ 31ರಲ್ಲಿ ವಾರಸುದಾರರ ಹೆಸರಿಗೆ ವರ್ಗಾವಣೆ, ಅದಕ್ಕೆ ತಾಯಿ ಮತ್ತು ತಂಗಿಯ ಒಪ್ಪಿಗೆ ಪತ್ರ. ಆಮೇಲೆ 29, 30ರಲ್ಲಿ ಗೆಳೆಯನ ಹೆಸರಿಗೆ. ಸಮಾಧಾನದ ಸಂಗತಿ ಒಂದೇ: 1993ರ ಸುಂಕದ ಮೂಲ ರಸೀದಿ ಪ್ಲಾಸ್ಟಿಕ್ ಚೀಲದಲ್ಲಿ ಭದ್ರವಾಗಿತ್ತು. ಅದಿಲ್ಲದಿದ್ದರೆ ನಾನು ಬಾನೆಟ್ ಕೂಡ ಎತ್ತುತ್ತಿರಲಿಲ್ಲ.

ನಿಂತ ಕಾರು

ಬಯಲುಸೀಮೆಯ ಒಣ ಹವೆ ಕಾರಿಗೆ ಒಳ್ಳೆಯದನ್ನೇ ಮಾಡಿತ್ತು. ಈ ಮಾದರಿಯಲ್ಲಿ ಬಾಗಿಲ ಕೆಳಗಿನ ಪ್ಲಾಸ್ಟಿಕ್ ಕವಚದ ಹಿಂದೆ ತುಕ್ಕು ಅಡಗಿ ಕುಳಿತಿರುತ್ತದೆ. ಜಾಕ್ ಕೊಡುವ ನಾಲ್ಕೂ ತೂತುಗಳ ಮುಚ್ಚಳ ತೆಗೆದು ಟಾರ್ಚ್ ಬಿಟ್ಟೆ. ಕೆಂಪು ಮಣ್ಣು ಸಿಕ್ಕಿತು, ತುಕ್ಕಲ್ಲ. ಬ್ಯಾಟರಿ ಕೂರುವ ತಟ್ಟೆ, ಹಿಂದಿನ ಚಕ್ರಗಳ ಕಮಾನು, ಎಲ್ಲವೂ ಗಟ್ಟಿ. ಬಾನೆಟ್ಟಿನ ಒಳಪದರವನ್ನು ಅಳಿಲು ಕಿತ್ತು ಗೂಡು ಮಾಡಿಕೊಂಡಿತ್ತು, ಅಷ್ಟೇ.

ಹವೆ ಉಳಿಸಿದ್ದನ್ನು ನೀರು ಕೆಡಿಸಿತ್ತು. ರೇಡಿಯೇಟರಿನ ತೊಟ್ಟಿಯ ಮುಚ್ಚಳ ತಿರುಗಿಸಿದಾಗ ಒಳಗೆ ಕಾಣಬೇಕಾದ ಕೂಲೆಂಟ್ (ಎಂಜಿನ್ ತಂಪಾಗಿಡುವ ದ್ರವ) ಇರಲಿಲ್ಲ; ಕೆಂಪಗಿನ, ರಾಗಿ ಅಂಬಲಿಯಷ್ಟು ಮಂದವಾದ ನೀರು. ಅಂಚಿನಲ್ಲಿ ಬಿಳಿ ಹೊಪ್ಪಳಿಕೆ. ಕಾವಲುಗಾರ ನಾಲ್ಕು ವರ್ಷದಿಂದ ತಪ್ಪದೆ ತುಂಬಿಸಿದ್ದ, ಬೋರ್‌ವೆಲ್ ನೀರನ್ನು. ಈ ಭಾಗದ ಆಳದ ಕೊಳವೆಬಾವಿಯ ನೀರು ಹೇಗಿರುತ್ತದೆ ಎಂಬುದಕ್ಕೆ ಇಲ್ಲಿನ ಮನೆಗಳ ಪಾತ್ರೆಯ ತಳವೇ ಸಾಕ್ಷಿ. ಈ ಎಂಜಿನ್‌ನ ತಲೆ, ಅಂದರೆ ಸಿಲಿಂಡರ್ ಹೆಡ್, ಅಲ್ಯೂಮಿನಿಯಂ. ಸುಣ್ಣದಂಶ ರೇಡಿಯೇಟರಿನ ಸಣ್ಣ ನಾಳಗಳನ್ನು ಕಟ್ಟುತ್ತದೆ, ತುಕ್ಕು ತಡೆಯುವ ರಾಸಾಯನಿಕವಿಲ್ಲದ ನೀರು ಅಲ್ಯೂಮಿನಿಯಂ ಅನ್ನು ಗ್ಯಾಸ್ಕೆಟ್ಟಿನ ಅಂಚಿನಿಂದ ಮೆಲ್ಲಗೆ ತಿನ್ನುತ್ತದೆ. ಕಾವಲುಗಾರನನ್ನು ಬೈಯುವಂತಿರಲಿಲ್ಲ. ಹೇಳಿದವರು ಯಾರು? ಭಾನುವಾರ ಭಾನುವಾರ ಹತ್ತು ನಿಮಿಷ ಎಂಜಿನ್ ಓಡಿಸುವುದನ್ನೂ ಅವನು ವ್ರತದಂತೆ ಪಾಲಿಸಿದ್ದ. ಅದೂ ಹಿತವಲ್ಲ: ಹತ್ತು ನಿಮಿಷದಲ್ಲಿ ಎಣ್ಣೆ ಪೂರ್ತಿ ಕಾಯುವುದಿಲ್ಲ, ಸೈಲೆನ್ಸರಿನೊಳಗೆ ಕಟ್ಟಿದ ನೀರು ಅಲ್ಲೇ ಉಳಿಯುತ್ತದೆ.

ಟಯರಿನ ಹಲ್ಲು ಹೊಸದರಂತಿತ್ತು. ಪಕ್ಕದ ಗೋಡೆಯ ಮೇಲೆ ಅಂಡಾಕಾರದ ಚೌಕಟ್ಟಿನಲ್ಲಿ 2314 ಎಂದಿತ್ತು, 2014ರ 23ನೆಯ ವಾರದ ಮಾಲು. ಹನ್ನೊಂದು ವರ್ಷದ ರಬ್ಬರ್. ನಾಲ್ಕೂ ಬದಲಾಗಬೇಕು.

ಎಂಜಿನ್ ಹೊತ್ತಿಸಿದಾಗ ಮೊದಲು ಒಂದಿಷ್ಟು ನೀಲಿ ಹೊಗೆ ಬಂತು, ವಾಲ್ವ್ ಸೀಲ್ ಒಣಗಿವೆ. ಅದು ದೊಡ್ಡದಲ್ಲ. ಆದರೆ ಆರ್‌ಪಿಎಂ ಮುಳ್ಳು 500ಕ್ಕೆ ಕುಸಿದು 1,100ಕ್ಕೆ ನೆಗೆದು ಮತ್ತೆ ಕುಸಿಯುತ್ತಿತ್ತು. ಎಬಿಎಸ್ (ಬ್ರೇಕ್ ಒತ್ತಿದಾಗ ಚಕ್ರ ಸಿಕ್ಕಿಕೊಳ್ಳದಂತೆ ತಡೆಯುವ ವ್ಯವಸ್ಥೆ) ದೀಪ ಆರಲೇ ಇಲ್ಲ. ಮಧ್ಯವರ್ತಿ ಕರೆಸಿದ್ದ ಮೆಕ್ಯಾನಿಕ್ ಆಗಲೇ ತೀರ್ಪು ಕೊಟ್ಟಿದ್ದ: ಪೆಟ್ರೋಲ್ ಹಂಚುವ ಡಿಸ್ಟ್ರಿಬ್ಯೂಟರ್ ಹೋಗಿದೆ, ಎರಡೂವರೆ ಲಕ್ಷ. ಬೆಲೆಯಿಂದ ಅಷ್ಟನ್ನು ಕಳೆಯಲು ಮಗ ಸಿದ್ಧನಾಗಿದ್ದ. ಗೆಳೆಯನ ಕಣ್ಣು ಹೊಳೆಯುತ್ತಿತ್ತು.

ಎಂಜಿನ್‌ನ ಹೊಯ್ದಾಟ ಮತ್ತು ಎಬಿಎಸ್ ದೀಪ ಜೊತೆಯಾಗಿ ಬಂದರೆ 124ರ ಕೆಲಸ ಬಲ್ಲವರು ಮೊದಲು ಒಂದು ಡಬ್ಬಿಯನ್ನು ಹುಡುಕುತ್ತಾರೆ. ಬ್ಯಾಟರಿಯ ಹಿಂದಿನ ಅಡ್ಡಗೋಡೆಯ ಆಚೆ, ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದಾದ ಅಲ್ಯೂಮಿನಿಯಂ ಪೆಟ್ಟಿಗೆ, ತಲೆಯ ಮೇಲೆ ಫ್ಯೂಸ್. ಅಧಿಕ ವೋಲ್ಟೇಜ್ ತಡೆಯುವ ರಿಲೇ ಅದು. ಎಬಿಎಸ್‌ಗೂ ಪೆಟ್ರೋಲ್ ನಿಯಂತ್ರಣಕ್ಕೂ ವಿದ್ಯುತ್ ಹೋಗುವುದು ಅದರ ಮೂಲಕವೇ. ಕಿತ್ತು, ತಗಡಿನ ಅಂಚು ಮಡಿಸಿ ತೆಗೆದೆ. ಒಳಗಿನ ಸರ್ಕ್ಯೂಟ್ ಹಲಗೆಯನ್ನು ಬಿಸಿಲಿಗೆ ಓರೆಯಾಗಿ ಹಿಡಿದಾಗ ಒಂದು ಕಾಲಿನ ಸುತ್ತ ಬೆಸುಗೆಯಲ್ಲಿ ಕೂದಲಿನಷ್ಟು ತೆಳ್ಳನೆಯ ಕಪ್ಪು ಉಂಗುರ ಕಂಡಿತು. ಬಿರುಕು. ತೋಟದ ಮೋಟರ್ ಸ್ಟಾರ್ಟರ್ ರಿಪೇರಿಗೆಂದು ಇಟ್ಟಿದ್ದ ಬೆಸುಗೆ ಕಡ್ಡಿಯನ್ನು ಕಾವಲುಗಾರ ತಂದುಕೊಟ್ಟ. ಒಂದು ಹನಿ ಸೀಸ. ಮತ್ತೆ ಕೂರಿಸಿ ಕೀಲಿ ತಿರುಗಿಸಿದೆ. ಎಬಿಎಸ್ ದೀಪ ಬಂದು ಆರಿತು. ಮುಳ್ಳು 700ರ ಹತ್ತಿರ ನಿಂತಿತು, ಕದಲಲಿಲ್ಲ.

ಗೆಳೆಯ ನನ್ನನ್ನು ದ್ರಾಕ್ಷಿ ಚಪ್ಪರದ ಕೆಳಗೆ ಕರೆದೊಯ್ದ. "ನೀನು ಯಾರ ಕಡೆಯವನು? ಎರಡೂವರೆ ಲಕ್ಷದ ಆಯುಧ ನನ್ನ ಕೈಯಲ್ಲಿತ್ತು, ಅವರ ಎದುರೇ ರಿಪೇರಿ ಮಾಡಿಬಿಟ್ಟೆಯಲ್ಲ." ಅವನ ಸಿಟ್ಟು ವ್ಯಾಪಾರಿಯದು, ಅರ್ಥವಾಗುವಂಥದ್ದೇ. ಕಾರಣ ಗೊತ್ತಿದ್ದೂ ಬಾಯಿ ಮುಚ್ಚಿಕೊಂಡು ಬೆಲೆ ಇಳಿಸಬಹುದಿತ್ತು, ಅನೇಕರು ಹಾಗೆ ಮಾಡುತ್ತಾರೆ. ಆದರೆ ಅದು ಸುಳ್ಳು ದೋಷ. ಅದರ ಹಿಂದೆ ನಿಜವಾದ ದೋಷ ಅಡಗಿದೆಯೋ ಇಲ್ಲವೋ ತಿಳಿಯಬೇಕಾದರೆ ಅದನ್ನು ಸರಿಪಡಿಸಲೇಬೇಕಿತ್ತು. ಅಲ್ಲದೆ, ಆ ಹುಡುಗ ಅರ್ಧ ಗಂಟೆಯ ಹಿಂದೆ ತಂದೆಯ ಡೈರಿಯನ್ನು ನಮ್ಮ ಕೈಗೆ ಕೊಟ್ಟಿದ್ದ.

ತೋಟದೊಳಗಿನ ನಾನೂರು ಮೀಟರ್ ದಾರಿಯಲ್ಲಿ ನಾಲ್ಕು ಸಲ ಹೋಗಿ ಬಂದೆ. ಹೊರಡುವಾಗ ಎಳೆತ ಕಡಿಮೆ ಎಂದು ಮಧ್ಯವರ್ತಿ ಗೇರ್‌ಬಾಕ್ಸಿನ ಮೇಲೂ ಅನುಮಾನ ಪಟ್ಟಿದ್ದ. ಈ ನಾಲ್ಕು ಗೇರಿನ ಆಟೊಮ್ಯಾಟಿಕ್ ಸಾಮಾನ್ಯವಾಗಿ ಎರಡನೆಯ ಗೇರಿನಲ್ಲಿಯೇ ಹೊರಡುತ್ತದೆ. ಪೆಡಲನ್ನು ತಳಕ್ಕೆ ಒತ್ತಿದರೆ ಮಾತ್ರ ಒಂದನೆಯದು. ಒತ್ತಿ ತೋರಿಸಿದೆ. ಕಾವಲುಗಾರನ ಕೋಳಿಗಳು ಚೆದುರಿದವು.

ಲೆಕ್ಕ

ಮಧ್ಯಾಹ್ನ ಮುದ್ದೆ, ಅವರೆಕಾಳು ಸಾರು ಉಂಡು ಕಾಗದದ ಮೇಲೆ ಅಂಕಿ ಬರೆದೆವು. ರೇಡಿಯೇಟರ್, ಪಂಪ್, ಹೋಸ್‌ಗಳು, ತೊಳೆಯುವ ಕೆಲಸಕ್ಕೆ 70,000. ಟಯರ್ 36,000. ಬ್ರೇಕ್ ಹೋಸ್ ಮತ್ತು ಕ್ಯಾಲಿಪರ್ 45,000. ಪೆಟ್ರೋಲಿನ ಪಂಪ್, ಫಿಲ್ಟರ್, ರಬ್ಬರ್ ಕೊಳವೆಗಳು 60,000; ಈಗಿನ ಪೆಟ್ರೋಲಿನಲ್ಲಿ ಶೇ 20ರಷ್ಟು ಎಥೆನಾಲ್ ಇರುವುದರಿಂದ 1989ರ ರಬ್ಬರನ್ನು ನಂಬಿ ಕೂರಲಾಗದು. ವಾಲ್ವ್ ಸೀಲ್ 35,000. ಗಾಜು ಮತ್ತು ಬಾಗಿಲಿನ ರಬ್ಬರ್ 1,10,000.

ಕೊನೆಯದಕ್ಕೆ ಗೆಳೆಯ ಹುಬ್ಬೇರಿಸಿದ. ಕಾರಣವಿದೆ. ಇದೇ 124ರ ಸೆಡಾನ್ 1995ರಿಂದ ಪುಣೆಯಲ್ಲಿ ಜೋಡಣೆಯಾಗುತ್ತಿತ್ತು. ಆದ್ದರಿಂದ ನೆಲದ ಕಡೆಯ ಎಷ್ಟೋ ಸಾಮಾನು, ಬಾಲ್ ಜಾಯಿಂಟ್, ಬುಷ್, ಬ್ರೇಕ್ ಇವೆಲ್ಲ ಇಲ್ಲಿ ಸಿಗುತ್ತವೆ. ಸೊಂಟದಿಂದ ಮೇಲಿನದು ಕೂಪೆಯದೇ: ಮುಂಗಾಜು, ಬಾಗಿಲು, ಅವುಗಳ ರಬ್ಬರ್. ಅವನ್ನು ಹೊರದೇಶದಿಂದಲೇ ತರಿಸಬೇಕು. ಕಂಬವಿಲ್ಲದ ಕಾರಿನಲ್ಲಿ ಗಾಜಿಗೆ ಗಾಜು ಒತ್ತಿ ಕೂರುವುದು ಆ ರಬ್ಬರಿನ ಮೇಲೆಯೇ. ಅದು ಗಟ್ಟಿಯಾದರೆ ಗಾಳಿಯೂ ಮಳೆಯೂ ಒಳಗೆ. ಹಿಂದಿನ ವರ್ಷ ಅವನಿಗೆ 1994ರ ಇದೇ ಜಾತಿಯ 320 ಕೂಪೆ ಬೇಡವೆಂದಿದ್ದೆ. ಆ ಕಾಲದ ಎಂಜಿನ್ ವೈರಿಂಗ್‌ನ ಹೊದಿಕೆ ಒಣಗಿ ಪುಡಿಯಾಗುವ ಕಾಯಿಲೆಯದು. 1989ರದಕ್ಕೆ ಆ ತೊಂದರೆ ಇಲ್ಲ.

ಒಟ್ಟು 3,56,000. ಗೆಳೆಯ 9 ಲಕ್ಷ ಎಂದ, ಮಗ 12. ಸಂಜೆ ಐದಕ್ಕೆ 10.25 ಲಕ್ಷಕ್ಕೆ ಕೈ ಕುಲುಕಿದರು: ವಾರಸುದಾರರ ಹೆಸರಿಗೆ ವರ್ಗಾವಣೆ, ನವೀಕರಣ ಶುಲ್ಕ ಮತ್ತು ದಂಡ ಮಾರುವವರದು; ಮುಂಗಡ ಒಂದು ಲಕ್ಷ; ಸಿಲಿಂಡರ್ ಹೆಡ್ಡಿನ ಒತ್ತಡ ಪರೀಕ್ಷೆಯಲ್ಲಿ ಬಿರುಕು ಕಂಡರೆ ಮುಂಗಡ ವಾಪಸ್. ನನ್ನ ಅಂದಾಜಿಗೆ ಇದು ಐವತ್ತು ಸಾವಿರ ಹೆಚ್ಚಾಯಿತು. ಡಬ್ಬಿಯ ದೆಸೆಯಿಂದ ಎಂದು ಗೆಳೆಯ ಇಂದಿಗೂ ಹೇಳುತ್ತಾನೆ.

ಹೆಡ್ ಗಟ್ಟಿಯಾಗಿತ್ತು. ಆದರೆ ಕಾಗದಕ್ಕೆ ಎರಡು ತಿಂಗಳು ಹಿಡಿಯಿತು. ವಿಮೆಯವರು ನವೀಕರಣ ಕೇಳಿದರು, ನವೀಕರಣಕ್ಕೆ ವಿಮೆ ಬೇಕಿತ್ತು. ಆ ಸುತ್ತಾಟವನ್ನು ಬರೆದು ಪ್ರಯೋಜನವಿಲ್ಲ. ತಪಾಸಣೆಗೆ ಕಾರು ಲಾರಿಯ ಮೇಲೆ ಹೋಯಿತು. ಹೊಗೆ ಪರೀಕ್ಷೆಯಲ್ಲಿ ಇಂಗಾಲದ ಮಾನಾಕ್ಸೈಡ್ ಈ ಕಾಲದ ಕಾರಿಗೆ ಶೇ 3ರವರೆಗೆ ಇರಬಹುದು, ಇದರದು ಆರಾಮವಾಗಿ ಕೆಳಗಿತ್ತು. ಇನ್ಸ್‌ಪೆಕ್ಟರ್ ಬಾನೆಟ್ಟಿನ ಒಳಗೋಡೆಯ ಚಾಸಿ ಸಂಖ್ಯೆಯ ಮೇಲೆ ಕಾಗದ ಹಿಡಿದು ಪೆನ್ಸಿಲ್ ಉಜ್ಜಿದರು. ಅಂಕಿಗಳು ಒಂದೊಂದಾಗಿ ಬಿಳಿಯಾಗಿ ಎದ್ದವು, ಮಾದರಿಯ ಪಕ್ಕದ 2 ಕೂಡ. "ಇಷ್ಟು ಸ್ಪಷ್ಟವಾಗಿ ಈಚಿನ ಕಾರುಗಳಲ್ಲೂ ಬರುವುದಿಲ್ಲ" ಎಂದರು.

ಜನವರಿಯಲ್ಲಿ, ಹೊಸ ಟಯರು ಹೊಸ ಕೂಲೆಂಟಿನೊಂದಿಗೆ, ಕಾರು ಮೊದಲ ಬಾರಿಗೆ ತನ್ನ ಚಕ್ರದ ಮೇಲೆ ಗೇಟು ದಾಟಿತು. ಮಗ ಡೈರಿಯನ್ನು ಇಟ್ಟುಕೊಳ್ಳುತ್ತಾನೆ ಎಂದುಕೊಂಡಿದ್ದೆ. ಅದನ್ನು ಅದೇ ಖಾನೆಯಲ್ಲಿ ಬಿಟ್ಟಿದ್ದ. ಕ್ಯಾತ್ಸಂದ್ರದ ಟೋಲ್‌ವರೆಗೆ ಗೆಳೆಯ ಒಂದು ಮಾತೂ ಆಡಲಿಲ್ಲ. ಅಲ್ಲಿ ಕಂಬಿ ಏಳಲಿಲ್ಲ. ಫಾಸ್ಟ್ಯಾಗ್ ಎಂಬುದೊಂದು ಬೇಕೆಂದು ಇಬ್ಬರಿಗೂ ಹೊಳೆದಿರಲಿಲ್ಲ. ನಗದಾದರೆ ದುಪ್ಪಟ್ಟು, ಯುಪಿಐ ಆದರೆ ಒಂದೂಕಾಲು ಪಟ್ಟು ಎಂದ ಹುಡುಗ, ಕಾರಿನ ಬಾಗಿಲಿನ ಮೇಲೆ ಕಂಬ ಎಲ್ಲಿ ಹೋಯಿತೆಂದು ಬಗ್ಗಿ ನೋಡುತ್ತ. ಒಂದೂಕಾಲು ಪಟ್ಟು ಕೊಟ್ಟು ಮುಂದೆ ಹೋಗಿ ತಟ್ಟೆ ಇಡ್ಲಿಗೆ ನಿಲ್ಲಿಸಿದೆವು. ಇಡ್ಲಿ ಬರುವ ಮೊದಲು ಗೆಳೆಯ ಡೈರಿ ತೆರೆದು, ವೈದ್ಯರ ಕೊನೆಯ ಸಾಲಿನ ಕೆಳಗೆ ಒಂದು ಗೆರೆ ಎಳೆದು, ಮೀಟರಿನ ಅಂಕಿ ಬರೆದ. ಪಕ್ಕದಲ್ಲಿ, ಆವರಣದೊಳಗೆ: ಮೈಲಿ.